ಹೃದಯದ ಆಪರೇಷನ್ ಮಾಡಿಸಿದರೆ ಕಿಡ್ನಿ ಹಾಳಾಗುತ್ತಾ? ಅಪಾಯವನ್ನು ಮೊದಲೇ ಲೆಕ್ಕ ಹಾಕಬಹುದು

“ಬೈಪಾಸ್ ಮಾಡಿಸಿದರೆ ಕಿಡ್ನಿ ಫೇಲ್ ಆಗುತ್ತದೆ, ಆಮೇಲೆ ಜೀವನಪೂರ್ತಿ ಡಯಾಲಿಸಿಸ್” ಎನ್ನುವಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಜನ ಹೃದಯದ ಆಪರೇಷನ್‌ಗೆ ಬೆಂಗಳೂರಿನ ಜಯದೇವದಂಥ ಆಸ್ಪತ್ರೆಗಳಿಗೆ ಹೋಗುತ್ತಾರೆ. ದಿನಾಂಕ ಗೊತ್ತಾದ ಮೇಲೆ ಇಂಥ ಸಂದೇಶ ಓದಿ ಮನೆಯವರು ಹಿಂದೆ ಸರಿದರೆ ಜೀವಕ್ಕೇ ಅಪಾಯ. ಹಾಗಾದರೆ ಇದರಲ್ಲಿ ನಿಜ ಎಷ್ಟು? ನೋಡೋಣ.

ಕಿಡ್ನಿಗೆ ಪೆಟ್ಟು ಏಕೆ?

ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಕಿಡ್ನಿಗಳಿಗೆ ಹೋಗುತ್ತದೆ. ಆಪರೇಷನ್ ವೇಳೆ ಹೃದಯದ ಕೆಲಸವನ್ನು ಯಂತ್ರ ಮಾಡುವಾಗ ಈ ಹರಿವು ಏರುಪೇರಾಗಬಹುದು. ಕೆಂಪು ರಕ್ತಕಣಗಳು ಒಡೆಯುವುದು, ದೇಹದೊಳಗಿನ ಉರಿಯೂತ ಕೂಡ ಕಾರಣಗಳು.

ಆಪರೇಷನ್ ಆದ 100 ಮಂದಿಯಲ್ಲಿ ಸುಮಾರು 20ರಿಂದ 30 ಮಂದಿಗೆ ಸ್ವಲ್ಪವಾದರೂ ಕಿಡ್ನಿ ತೊಂದರೆ ಕಾಣಿಸುತ್ತದೆ. ಹೆಚ್ಚಿನವರಲ್ಲಿ ಅದು ಸಣ್ಣದು, ಕೆಲವೇ ದಿನಗಳಲ್ಲಿ ಸುಧಾರಿಸುತ್ತದೆ. ಡಯಾಲಿಸಿಸ್ ಬೇಕಾಗುವುದು 100ರಲ್ಲಿ ಎರಡು–ಮೂರು ಮಂದಿಗೆ. ಆದರೆ ಅವರ ಸ್ಥಿತಿ ಗಂಭೀರ, ಹಾಗಾಗಿ ಹಗುರವಾಗಿ ನೋಡುವಂತಿಲ್ಲ.

ಅಂಕ ಹಾಕುವುದು ಹೇಗೆ?

ಕಿಡ್ನಿಗೆ ಪೆಟ್ಟು ಬಿದ್ದರೂ ರಕ್ತದಲ್ಲಿ ಕ್ರಿಯೇಟಿನಿನ್ ಏರಲು ಒಂದೆರಡು ದಿನ ಬೇಕು. ಆದ್ದರಿಂದಲೇ ವೈದ್ಯರು ಅಪಾಯವನ್ನು ಮೊದಲೇ ಅಂದಾಜಿಸುತ್ತಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 30 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2005ರಲ್ಲಿ ಪ್ರಕಟಿಸಿದ ಅಂಕಪಟ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಡಯಾಲಿಸಿಸ್ ಬೇಕಾಗುವ ಸಾಧ್ಯತೆಯನ್ನು ಅದು 0ರಿಂದ 17 ಅಂಕಗಳಲ್ಲಿ ಹೇಳುತ್ತದೆ.

ಹೊಸಕೋಟೆಯ ಒಬ್ಬ ತಾಯಿಗೆ ವಾಲ್ವ್ ಆಪರೇಷನ್ ಆಗಬೇಕಿದೆ ಎಂದುಕೊಳ್ಳಿ. ಹೆಣ್ಣು: 1 ಅಂಕ. ಸಕ್ಕರೆ ಕಾಯಿಲೆಗೆ ಇನ್ಸುಲಿನ್: 1. ಕ್ರಿಯೇಟಿನಿನ್ 1.4: 2. ವಾಲ್ವ್ ಆಪರೇಷನ್: 1. ಒಟ್ಟು 5. ಇಂಥ 100 ಮಂದಿಯಲ್ಲಿ ಡಯಾಲಿಸಿಸ್ ಬೇಕಾದದ್ದು ಸುಮಾರು ಇಬ್ಬರಿಗೆ. ಉಳಿದ 98 ಮಂದಿಗೆ ಬೇಕಾಗಲಿಲ್ಲ.

ಅದೇ ತಾಯಿ ಭಯದಿಂದ ಮುಂದೂಡಿ, ಕೊನೆಗೆ ತುರ್ತಾಗಿ ಆಪರೇಷನ್ ಮಾಡಬೇಕಾಗಿ ಬಂದರೆ? ತುರ್ತು ಆಪರೇಷನ್‌ಗೇ 2 ಅಂಕ ಸೇರಿ 7 ಆಗುತ್ತದೆ. ಆಗ ಅಪಾಯ 100ರಲ್ಲಿ 8ರಿಂದ 10. ಅಂದರೆ ಕಿಡ್ನಿ ಉಳಿಸಲೆಂದು ಹೇಳಿದ ಸಲಹೆಯೇ ಕಿಡ್ನಿಗೆ ಮುಳುವಾಗಬಹುದು.

ಇದು ಅಮೆರಿಕದ ರೋಗಿಗಳ ಲೆಕ್ಕ. ನಮ್ಮವರಲ್ಲಿ ಪ್ರಮಾಣ ಸ್ವಲ್ಪ ಬೇರೆ ಇರಬಹುದು. ಅಂಕ ಭವಿಷ್ಯವಾಣಿಯೂ ಅಲ್ಲ. ಯಾರ ಮೇಲೆ ಹೆಚ್ಚು ನಿಗಾ ಬೇಕು ಎಂದು ತೋರಿಸುವ ಸೂಚನೆ, ಅಷ್ಟೇ. ಮನೆಯಲ್ಲಿ ನೀವೇ ಲೆಕ್ಕ ಹಾಕಿ ತೀರ್ಮಾನಿಸಬೇಡಿ, ವೈದ್ಯರನ್ನು ಕೇಳಿ.

ನಾವು ಮಾಡಬೇಕಾದ್ದೇನು?

* ಹಳೆಯ ರಕ್ತಪರೀಕ್ಷೆಯ ವರದಿಗಳನ್ನೆಲ್ಲ ಒಯ್ಯಿರಿ. “ಕ್ರಿಯೇಟಿನಿನ್ ಎಷ್ಟಿದೆ?” ಎಂದು ಕೇಳಿ.
* ಮಗ್ಗದ ಕೆಲಸದ ಬೆನ್ನುನೋವಿಗೋ ಹೊಲದ ಕೆಲಸದ ಮೈಕೈ ನೋವಿಗೋ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಮುಚ್ಚಿಡಬೇಡಿ. ಇವು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ನಾಟಿ ಔಷಧಿಯ ಬಗ್ಗೆಯೂ ಹೇಳಿ.
* ಆಂಜಿಯೋಗ್ರಾಂ ಬೇರೆ ಕಡೆ ಆಗಿದ್ದರೆ ಯಾವ ದಿನ ಆಯಿತು ಎಂದು ತಿಳಿಸಿ. ಅದಕ್ಕೆ ಬಳಸುವ ಡೈ ಕೂಡ ಕೆಲವರ ಕಿಡ್ನಿಗೆ ಹೊರೆ.
* “ದಿನಕ್ಕೆ ಐದು ಲೀಟರ್ ನೀರು ಕುಡಿಯಿರಿ” ಎಂಬ ಸಲಹೆಯನ್ನು ನಂಬಬೇಡಿ. ದುರ್ಬಲ ಹೃದಯಕ್ಕೆ ಹೆಚ್ಚು ನೀರೇ ಭಾರ. ಎಷ್ಟು ಕುಡಿಯಬೇಕೆಂದು ವೈದ್ಯರು ಹೇಳಲಿ.
* ಮನೆಗೆ ಬಂದ ಮೇಲೆ ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಉಸಿರು ಕಟ್ಟಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಒಟ್ಟಾರೆ: ಹೃದಯದ ಆಪರೇಷನ್ ನಂತರ ಕಿಡ್ನಿ ತೊಂದರೆ ಬರಬಹುದು ಎಂಬುದು ನಿಜ. ಎಲ್ಲರಿಗೂ ಬರುತ್ತದೆ, ಕಿಡ್ನಿ ಹೋಗಿಯೇ ಹೋಗುತ್ತದೆ ಎಂಬುದು ಸುಳ್ಳು. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ, ಆಪರೇಷನ್‌ಗೆ ಕಾಯುತ್ತಿರುವ ಯಾರೋ ಅದನ್ನು ಓದುತ್ತಾರೆ ಎಂಬುದನ್ನು ನೆನೆಯೋಣ.