ಆಪರೇಟರ್ ರೂಮಿನಿಂದ: ಡಬ್ಬ ಬಂತು, ಚೀಟಿ ಎಲ್ಲಿ?



ಹೋದ ತಿಂಗಳು ನಮ್ಮ ಸೋದರಮಾವ ಕಣ್ಣಿನ ಪೊರೆ ತೆಗೆಸಿಕೊಂಡು, ಎರಡೂ ಕಣ್ಣಿಗೆ ಹೊಸ ಲೆನ್ಸ್ ಹಾಕಿಸಿಕೊಂಡು ಮನೆಗೆ ಬಂದರು. ತುಮಕೂರಿನ ಒಂದು ಟಾಕೀಸಿನಲ್ಲಿ ಮೂವತ್ತೆರಡು ವರ್ಷ ಆಪರೇಟರ್ ಆಗಿದ್ದವರು ಅವರು. ಕಾರ್ಬನ್ ಕಡ್ಡಿಯ ಬೆಳಕಿನ ಪಕ್ಕದಲ್ಲೇ ಆಯುಷ್ಯ ಕಳೆದವರು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅತ್ತೆಯ ಸೀರೆ ನೋಡಿ, "ಇದು ಇಷ್ಟು ಕೆಂಪಗಿತ್ತೇನೇ?" ಅಂದರಂತೆ. ಅತ್ತೆ ನಾಚಿ ಒಳಗೆ ಹೋದರಂತೆ!

ನಾನು ನೋಡಲು ಹೋದಾಗ ಮಾವ ಕೇಳಿದ್ದು ಒಂದೇ ಮಾತು. "ಏನೋ, ಆ 'ಲಾರೆನ್ಸ್ ಆಫ್ ಅರೇಬಿಯಾ' ಒಂದ್ಸಲ ತೋರಿಸ್ತೀಯಾ? ಭಾನುವಾರದ ಬೆಳಗಿನ ಆಟಕ್ಕೆ ನಾನೇ ಓಡಿಸಿದ್ದೆ. ಮೆಷಿನ್ ಕಡೆ ನೋಡಿದ್ದೇ ಆಯ್ತು, ಪರದೆ ಕಡೆ ನೋಡಿದ್ದೇ ಕಮ್ಮಿ."

ಡೇವಿಡ್ ಲೀನ್ 1962ರಲ್ಲಿ ತೆಗೆದ ಚಿತ್ರ ಅದು. ಮರಳುಗಾಡು, ನಡು ನೆತ್ತಿಯ ಸೂರ್ಯ, ಬಿಸಿಲ್ಗುದುರೆಯೊಳಗಿಂದ ಚುಕ್ಕಿಯಾಗಿ ಮೂಡಿ ಒಂಟೆಯ ಮೇಲೆ ಬರುವ ಓಮರ್ ಷರೀಫ್… ಬೆಳಕನ್ನೇ ನಂಬಿ ತೆಗೆದ ಚಿತ್ರ. 2020ರಲ್ಲಿ ಇದು ಅಲ್ಟ್ರಾ ಎಚ್‌ಡಿ ಬ್ಲೂರೇ ಆಗಿ ಎರಡು ಡಿಸ್ಕಿನಲ್ಲಿ ಬಂತು. ದುಡ್ಡು ಕೊಟ್ಟು ಹೊರದೇಶದಿಂದ ತರಿಸಿಕೊಂಡ ಡಿಸ್ಕು ನನ್ನ ಹತ್ತಿರ ಇತ್ತು. ಮಾವನ ಮನೆಯಲ್ಲಿ ಒಳ್ಳೇ ಟಿವಿ ಇದೆ, ಡಿಸ್ಕ್ ಪ್ಲೇಯರ್ ಇಲ್ಲ. ಮಗ ತಂದುಕೊಟ್ಟ ಒಂದು ಪುಟ್ಟ ಪೆಟ್ಟಿಗೆ ಇದೆ, ಅದಕ್ಕೆ ಹಾರ್ಡ್ ಡಿಸ್ಕ್ ಚುಚ್ಚಿದರೆ ಚಿತ್ರ ಓಡುತ್ತದೆ. ಸರಿ, ಮದುವೆ ವಿಡಿಯೋ ಮಾಡುವ ಪರಿಚಯದ ಹುಡುಗನಿಗೆ ಡಿಸ್ಕ್ ಕೊಟ್ಟೆ. ಎರಡು ದಿನದಲ್ಲಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಟ್ಟ. "ಅಣ್ಣಾ, ಚಿತ್ರ ಮುಟ್ಟೇ ಇಲ್ಲ, ಬರೀ ರೀಮಕ್ಸ್" ಅಂದ.

ಶನಿವಾರ ರಾತ್ರಿ ಎಲ್ಲರೂ ಕೂತೆವು. ಚಿತ್ರ ಶುರುವಾಯಿತು. ಮರಳುಗಾಡು ಬಂತು… ಬೂದಿಯ ಹಾಗೆ! ಸೂರ್ಯ ಬಂದ… ನೀರು ಬೆರೆಸಿದ ಹಾಲಿನ ಹಾಗೆ! ಕಪ್ಪು ಇರಬೇಕಾದ ಕಡೆ ಹೊಗೆ, ಬಿಳುಪು ಇರಬೇಕಾದ ಕಡೆ ಮಂಕು. ಮಾವ ಇಪ್ಪತ್ತು ನಿಮಿಷ ಸುಮ್ಮನೆ ನೋಡಿದರು. ಕಣ್ಣು ಉಜ್ಜಿಕೊಳ್ಳಲು ಹೋದರು, ಡಾಕ್ಟರು ಬೇಡ ಅಂದದ್ದು ನೆನಪಾಗಿ ಕೈ ಇಳಿಸಿದರು. ಆಮೇಲೆ "ನಿದ್ದೆ ಬರ್ತಿದೆ ಕಣೋ" ಎಂದು ಎದ್ದು ಹೋದರು.

ನನ್ನ ಕಣ್ಣಿಗೂ ಮಂಕಾಗಿಯೇ ಕಂಡಿತ್ತು ಮಿತ್ರರೇ. ಆದರೂ ನಾನು ಬಾಯಿ ಬಿಡಲಿಲ್ಲ. ಹಳೇ ಚಿತ್ರ, ಹೀಗೇ ಇರಬಹುದು ಅಂದುಕೊಂಡೆ. ಅದೇ ನಾನು ಮಾಡಿದ ತಪ್ಪು. ಮಾರನೇ ದಿನ ಬೆಳಿಗ್ಗೆ ಅತ್ತೆಯ ಫೋನು. "ನಿಮ್ಮ ಮಾವ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಕಣಪ್ಪ. ಆಪರೇಷನ್ ಕೆಟ್ಟಿದೆ, ಕಣ್ಣು ಹೋಯ್ತು ಅಂತ ಕೂತವ್ರೆ. ಮತ್ತೆ ಡಾಕ್ಟರ ಹತ್ರ ಕರಕೊಂಡು ಹೋಗ್ತೀಯಾ?"

ಎದೆ ಧಸಕ್ ಅಂತು. ಆ ಡಿಸ್ಕನ್ನೇ ತೆಗೆದುಕೊಂಡು, ಪ್ಲೇಯರ್ ಇರುವ ಸ್ನೇಹಿತನ ಮನೆಗೆ ಓಡಿದೆ. ಹಾಕಿದ ತಕ್ಷಣ ಟಿವಿಯ ಮೂಲೆಯಲ್ಲಿ 'ಎಚ್‌ಡಿಆರ್' ಎಂಬ ಅಕ್ಷರ ಮಿಂಚಿತು. ಮರಳು ಚಿನ್ನದ ಹಾಗೆ ಹೊಳೆಯಿತು! ಮಾವನ ಮನೆಯಲ್ಲಿ ಆ ಅಕ್ಷರ ಬಂದೇ ಇರಲಿಲ್ಲ. ಕಣ್ಣು ಕೆಟ್ಟಿರಲಿಲ್ಲ ಸ್ವಾಮಿ, ಕಾಪಿ ಕೆಟ್ಟಿತ್ತು.

ಚಿತ್ರ ಮುಟ್ಟದೆ ಇಳಿಸಿದರೆ ಕೆಡುವುದು ಹೇಗೆ ಅಂತೀರಾ? ಅದಕ್ಕೆ ಮಾವನದೇ ಒಂದು ಕಥೆ ಇದೆ.

ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 1977ರ 'ಸೊಸೆ ತಂದ ಸೌಭಾಗ್ಯ'. ಸ್ಕೋಪ್ ಅಂದರೆ ಅಗಲವಾದ ಚಿತ್ರವನ್ನು ಫಿಲ್ಮಿನ ಮೇಲೆ ಅಡ್ಡಕ್ಕೆ ಅರ್ಧಕ್ಕರ್ಧ ಹಿಂಡಿ ಇಟ್ಟಿರುತ್ತಾರೆ. ಪ್ರೊಜೆಕ್ಟರಿಗೆ ವಿಶೇಷ ಲೆನ್ಸ್ ಹಾಕಿದರೆ ಅದು ಮತ್ತೆ ಅಗಲವಾಗುತ್ತದೆ. ಲೆನ್ಸ್ ಹಾಕಬೇಕು ಅಂತ ಆಪರೇಟರಿಗೆ ಹೇಳುವುದು ಯಾರು? ಡಬ್ಬದ ಮೇಲೆ ಅಂಟಿಸಿದ ಚೀಟಿ. ಮಾವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಚಿತ್ರದ ಡಬ್ಬ ಬೇರೆ ಊರಿನಿಂದ ಬಂತು, ಚೀಟಿ ಉದುರಿಹೋಗಿತ್ತು. ಮಾವ ಮಾಮೂಲಿ ಲೆನ್ಸಿನಲ್ಲೇ ಓಡಿಸಿದರು. ಪರದೆಯ ಮೇಲೆ ವಿಷ್ಣುವರ್ಧನ್ ಕಡ್ಡಿಯ ಹಾಗೆ ಉದ್ದಕ್ಕೆ ನಿಂತರು! ಗಾಂಧಿಕ್ಲಾಸಿನಿಂದ ಶಿಳ್ಳೆ, ಬೈಗುಳ, ಬಾಲ್ಕನಿಯಿಂದ ಮೇನೇಜರ್… ಆ ಪ್ರಿಂಟ್ ಕೆಟ್ಟಿರಲಿಲ್ಲ, ಒಂದು ಗೀಟೂ ಇರಲಿಲ್ಲ. ಚೀಟಿ ಇರಲಿಲ್ಲ, ಅಷ್ಟೇ!

ಎಚ್‌ಡಿಆರ್ ಚಿತ್ರದ್ದೂ ಇದೇ ಕಥೆ. ಮೆಟಾಡೇಟಾ ಅಂತ ದೊಡ್ಡ ಹೆಸರಿಟ್ಟಿರುವುದು ಆ ಚೀಟಿಗೇ.

ಸ್ವಲ್ಪ ಲೆಕ್ಕ ನೋಡಿ. ಬೆಳಕನ್ನು ಅಳೆಯುವುದು 'ನಿಟ್' ಲೆಕ್ಕದಲ್ಲಿ. ಹಳೇ ರೀತಿಯ ಟಿವಿ ಚಿತ್ರವನ್ನು 100 ನಿಟ್‌ನ ಬಿಳುಪಿಗೆ ಹೊಂದಿಸಿ ತಯಾರು ಮಾಡುತ್ತಿದ್ದರು. ಎಚ್‌ಡಿಆರ್‌ಗೆ ಬೇರೆ ಕಾನೂನು ಬಂತು. ಎಸ್‌ಎಂಪಿಟಿಇ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಎಸ್‌ಟಿ 2084, ಕರೆಯುವ ಹೆಸರು ಪಿಕ್ಯೂ. ಅದರ ಅಳತೆಗೋಲು 10,000 ನಿಟ್ ತನಕ ಹೋಗುತ್ತದೆ. ಅಷ್ಟುದ್ದದ ಗೋಲಿನಲ್ಲಿ 100 ನಿಟ್‌ನ ಬಿಳಿ ಅಂಗಿ ಬರುವುದು ಸುಮಾರು ಅರ್ಧದಲ್ಲಿ. 1000 ನಿಟ್‌ನ ಸೂರ್ಯ ಮುಕ್ಕಾಲು ಭಾಗದಲ್ಲಿ. ಚೀಟಿ ಇಲ್ಲದ ಟಿವಿ ಇದನ್ನು ಹಳೇ ಕಾನೂನಿನಲ್ಲಿ ಓದಿದರೆ? ಬಿಳಿ ಅಂಗಿ ಬೂದು ಅಂಗಿಯಾಗುತ್ತದೆ, ಸೂರ್ಯ ಮಂಕಾಗುತ್ತಾನೆ, ನೆರಳು ಹೊಗೆಯಾಗಿ ಮೇಲೇಳುತ್ತದೆ. ಮಾವನ ಮನೆಯಲ್ಲಿ ಆದದ್ದು ಇದೇ.

ಚೀಟಿಯಲ್ಲಿ ಇನ್ನೂ ಏನೇನಿದೆ? ಬಣ್ಣ ಹೊಂದಿಸಿದ ತಂತ್ರಜ್ಞ ಎಂಥ ಮಾನಿಟರ್ ಮುಂದೆ ಕೂತಿದ್ದ, ಅದರ ಅತಿ ಬೆಳಕು 1000 ನಿಟ್ಟೋ 4000 ನಿಟ್ಟೋ, ಅತಿ ಕಪ್ಪು ಎಷ್ಟು, ಇದು ಎಸ್‌ಟಿ 2086ರ ವಿವರ. ಇಡೀ ಚಿತ್ರದಲ್ಲಿ ಅತ್ಯಂತ ಪ್ರಖರವಾದ ಚುಕ್ಕೆ ಎಷ್ಟು ನಿಟ್, ಅದು ಮ್ಯಾಕ್ಸ್‌ಸಿಎಲ್‌ಎಲ್. ಸರಾಸರಿಯಲ್ಲಿ ಅತ್ಯಂತ ಪ್ರಖರವಾದ ಫ್ರೇಮ್ ಎಷ್ಟು, ಅದು ಮ್ಯಾಕ್ಸ್‌ಫಾಲ್. ಇವೆಲ್ಲ ಸೇರಿ ಚಿತ್ರದ ಹರಿವಿನಲ್ಲಿ ಹಿಡಿಯುವ ಜಾಗ 24 ಬೈಟು, ಮತ್ತೆ 4 ಬೈಟು: ಒಟ್ಟು 28! ಡಿಸ್ಕಿನ ಅಳತೆ ಸಾಮಾನ್ಯವಾಗಿ 66 ಜಿಬಿ, ಇಲ್ಲಾ 100 ಜಿಬಿ. ಅಷ್ಟು ದೊಡ್ಡ ಆನೆಗೆ ಇಷ್ಟೇ ಅಂಕುಶ.

ರೀಮಕ್ಸ್ ಅಂದರೆ ಚಿತ್ರವನ್ನು ಮತ್ತೆ ಅರೆಯದೆ, ರೀಲನ್ನು ಒಂದು ಡಬ್ಬದಿಂದ ತೆಗೆದು ಇನ್ನೊಂದು ಡಬ್ಬದಲ್ಲಿ ಇಡುವುದು. ಆ ಹುಡುಗ ಸುಳ್ಳು ಹೇಳಿರಲಿಲ್ಲ. ಡಿಸ್ಕಿನ ಡಬ್ಬದಿಂದ ಎಂಕೆವಿ ಡಬ್ಬಕ್ಕೆ ರೀಲು ಹಾಗೇ ಬಂದಿತ್ತು. ರೀಲಿನ ಒಳಗಿನ ಚೀಟಿಯೂ ಇತ್ತು. ಆದರೆ ಎಂಕೆವಿ ಡಬ್ಬದ ಹೊರಗೂ ಒಂದು ಚೀಟಿ ಅಂಟಿಸುವ ಜಾಗ ಇದೆ. ಅವನ ಹಳೇ ಸಾಫ್ಟ್‌ವೇರ್ ಅಲ್ಲಿ ಮದುವೆ ವಿಡಿಯೋಗೆ ಹಾಕುವ ಹಾಗೆ 'ಬಿಟಿ 709', ಅಂದರೆ ಮಾಮೂಲಿ ಎಚ್‌ಡಿ ಅಂತ ಬರೆದಿತ್ತು. ಮಾವನ ಮನೆಯ ಪೆಟ್ಟಿಗೆ ಒಳಗಿನದನ್ನು ಬಿಟ್ಟು ಹೊರಗಿನದನ್ನೇ ನಂಬಿತು. ಟಿವಿಗೆ 'ಇದು ಎಚ್‌ಡಿಆರ್' ಅಂತ ಹೇಳಲೇ ಇಲ್ಲ.

ಇದು ಗೊತ್ತಾದದ್ದು ಮೀಡಿಯಾಇನ್ಫೋ ಎಂಬ ಪುಕ್ಕಟೆ ಸಾಫ್ಟ್‌ವೇರಿನಿಂದ. ಫೈಲು ತೆರೆದರೆ ಎರಡೂ ಚೀಟಿ ಸಾಲುಸಾಲಾಗಿ ಕಂಡವು: ಹೊರಗೆ 709, ಒಳಗೆ ಪಿಕ್ಯೂ. ಮದ್ದು ಅದಕ್ಕಿಂತ ಸುಲಭ. ಎಂಕೆವಿಟೂಲ್‌ನಿಕ್ಸ್ ಎಂಬ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಹೆಡರ್ ಎಡಿಟರ್ ಅಂತ ಇದೆ. ಬಣ್ಣದ ಪ್ರೈಮರೀಸ್ ಜಾಗದಲ್ಲಿ 9, ಟ್ರಾನ್ಸ್‌ಫರ್ ಜಾಗದಲ್ಲಿ 16, ಮ್ಯಾಟ್ರಿಕ್ಸ್ ಜಾಗದಲ್ಲಿ 9. ಮೂರು ಅಂಕಿ ತಿದ್ದಿ ಉಳಿಸಿದೆ. ಮಾನಿಟರಿನ ವಿವರ, ಮ್ಯಾಕ್ಸ್‌ಸಿಎಲ್‌ಎಲ್ ಎಲ್ಲ ಡಿಸ್ಕಿನಲ್ಲಿ ಇದ್ದ ಹಾಗೇ ಇವೆಯೇ ಅಂತ ತಾಳೆ ನೋಡಿದೆ. ಐದು ನಿಮಿಷದ ಕೆಲಸ! ಚಿತ್ರ ಕೆಡದೆ ಇದ್ದದ್ದರಿಂದ ಐದು ನಿಮಿಷ. ಅವನೇನಾದರೂ ಚಿತ್ರವನ್ನೇ ಅರೆದು ಹಳೇ 8 ಬಿಟ್ ಲೆಕ್ಕಕ್ಕೆ ಇಳಿಸಿದ್ದರೆ ಯಾವ ಚೀಟಿ ಅಂಟಿಸಿದರೂ ಹೋದ ಬೆಳಕು ವಾಪಸ್ ಬರುತ್ತಿರಲಿಲ್ಲ.

ನಿಮ್ಮಲ್ಲಿ ಬಲ್ಲವರು ಕೇಳುತ್ತೀರಿ: 'ಡಾಲ್ಬಿ ವಿಷನ್ ಕಥೆ ಏನು ಸಾರ್?' ಒಳ್ಳೇ ಪ್ರಶ್ನೆ. ಮೇಲೆ ಹೇಳಿದ್ದು ಇಡೀ ಚಿತ್ರಕ್ಕೆ ಒಂದೇ ಚೀಟಿ. ಡಾಲ್ಬಿ ವಿಷನ್‌ನಲ್ಲಿ ಒಂದೊಂದು ದೃಶ್ಯಕ್ಕೂ ಬೇರೆ ಬೇರೆ ಸೂಚನೆ ಇರುತ್ತದೆ. ಅದಕ್ಕೆ ಆರ್‌ಪಿಯು ಅನ್ನುತ್ತಾರೆ. ಡಿಸ್ಕಿನಲ್ಲಿ ಅದು ಎರಡನೇ ಪದರದ ಜೊತೆ ಬರುತ್ತದೆ. ರೀಮಕ್ಸ್ ಮಾಡುವಾಗ ಆ ಪದರ ಬಿಟ್ಟುಹೋದರೆ ಟಿವಿ ಕೆಳಗಿನ ಪದರವನ್ನು ಎಚ್‌ಡಿಆರ್10 ಆಗಿ ತೋರಿಸುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಕಳೆದುಕೊಂಡದ್ದು ಗೊತ್ತೇ ಆಗುವುದಿಲ್ಲ. ಡೋವಿಟೂಲ್ ಎಂಬ ಸಾಫ್ಟ್‌ವೇರ್ ಡಿಸ್ಕಿನ 7ನೇ ಪ್ರೊಫೈಲನ್ನು 8.1ಕ್ಕೆ ತಿರುಗಿಸಿ ಸೂಚನೆಗಳನ್ನು ಉಳಿಸಿಕೊಡುತ್ತದೆ, ಆದರೆ ಎರಡನೇ ಪದರವನ್ನು ಬಿಡಿಸುತ್ತದೆ. ಕೆಲವು ಡಿಸ್ಕಿನಲ್ಲಿ ಆ ಪದರ ಬರೀ ಹೆಸರಿಗೆ. ಕೆಲವದರಲ್ಲಿ ನಿಜವಾದ ಚಿತ್ರಾಂಶವೇ ಅಲ್ಲಿರುತ್ತದೆ. ಆದ್ದರಿಂದ ತಿರುಗಿಸಿದ ಮೇಲೂ ಮೂಲವನ್ನು ಅಳಿಸಬೇಡಿ. ಎಚ್‌ಡಿಆರ್10 ಪ್ಲಸ್‌ನ ಸೂಚನೆಗಳು ಚಿತ್ರದ ಹರಿವಿನ ಒಳಗೇ ಕೂತಿರುತ್ತವೆ. ಹರಿವನ್ನು ಹಾಗೇ ಇಳಿಸಿಕೊಂಡರೆ ಅವೂ ಜೊತೆಗೇ ಬರುತ್ತವೆ.

ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಇದೆಲ್ಲ ನೀವು ದುಡ್ಡು ಕೊಟ್ಟು ಕೊಂಡ ಡಿಸ್ಕನ್ನು ನಿಮ್ಮ ಮನೆಯವರು ನೋಡುವುದಕ್ಕೆ. ಕಾಪಿ ಮಾಡಿ ಊರಿಗೆಲ್ಲ ಹಂಚಿದರೆ ಅದು ಕಳ್ಳತನ. ಹಕ್ಕು ಕದಿಯುವ ಉದ್ದೇಶದಿಂದ ಬೀಗ ಒಡೆದವರಿಗೆ 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಇದೆ. ಕಳ್ಳ ಕಾಪಿಯಿಂದ ಮುಳುಗುವವರು ನೀವು ಜೈಕಾರ ಹಾಕುವ ನಾಯಕರ ನಿರ್ಮಾಪಕರೇ ತಾನೆ?

ಇರಲಿ. ಮುಂದಿನ ಶನಿವಾರ ಹಾರ್ಡ್ ಡಿಸ್ಕ್ ಹಿಡಿದು ಮತ್ತೆ ತುಮಕೂರಿಗೆ ಹೋದೆ. ಮಾವ ಮುಖ ತಿರುಗಿಸಿಕೊಂಡರು. "ಬೇಡ ಬಿಡೋ, ನಂಗೆ ಕಾಣಲ್ಲ" ಅಂದರು. "ಮಾವ, ತಪ್ಪು ನಿಮ್ಮ ಕಣ್ಣಿಂದಲ್ಲ, ನನ್ನದು. ಅವತ್ತು ನನಗೂ ಮಂಕಾಗೇ ಕಂಡಿತ್ತು, ನಾನು ಹೇಳಲಿಲ್ಲ" ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. "ಅವತ್ತೇ ಹೇಳಿದ್ರೆ ನಾನು ಒಂದು ವಾರ ನಿದ್ದೆ ಕೆಡಿಸ್ಕೋತಿರ್ಲಿಲ್ಲ ಕಣೋ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಚಿತ್ರ ಹಾಕಿದೆ. ಮೂಲೆಯಲ್ಲಿ ಅಕ್ಷರ ಮಿಂಚಿತು. ಮರಳು ಹೊಳೆಯಿತು. ಮಾವ ಮೂರೂಮುಕ್ಕಾಲು ಗಂಟೆ ಕದಲಲಿಲ್ಲ. ಇಂಟರ್ವಲ್ಲಿನಲ್ಲಿ ಅತ್ತೆ ಕಾಫಿ ತಂದಾಗ ಮಾತ್ರ ತಿರುಗಿ, "ಏನಾಗಿತ್ತೋ ಅದಕ್ಕೆ?" ಅಂತ ಕೇಳಿದರು.

"ಡಬ್ಬದ ಮೇಲೆ ತಪ್ಪು ಚೀಟಿ ಅಂಟಿಸಿದ್ರು ಮಾವ."

"ಚೀಟಿ ನೋಡದೆ ರೀಲು ಓಡಿಸ್ಬಾರ್ದು ಅಂತ ನಿಂಗೆ ಎಷ್ಟು ಸಲ ಹೇಳಿಲ್ಲ ನಾನು?"

ಮಿತ್ರರೇ, ನಿಮಗೂ ಅದೇ ಮಾತು. ಇಳಿಸಿಕೊಂಡ ಮೇಲೆ ಮೀಡಿಯಾಇನ್ಫೋದಲ್ಲಿ ಮೂಲವನ್ನೂ ಕಾಪಿಯನ್ನೂ ಪಕ್ಕಪಕ್ಕ ಇಟ್ಟು ಓದಿ. ಮನೆಯವರನ್ನು ಕೂರಿಸುವ ಮೊದಲು ಐದು ನಿಮಿಷ ಓಡಿಸಿ ನೋಡಿ. ಮಂಕಾಗಿ ಕಂಡರೆ ಮಂಕಾಗಿದೆ ಅಂತ ಬಾಯಿ ಬಿಟ್ಟು ಹೇಳಿ. ಡಿಸ್ಕನ್ನು ಯಾರಿಗೂ ಕೊಟ್ಟುಬಿಡಬೇಡಿ.

ಮುಂದಿನ ವಾರ ಮತ್ತೆ ಆಪರೇಟರ್ ರೂಮಿನಲ್ಲಿ ಸಿಗೋಣ. ಬೆಲ್ ಹೊಡೆಯಿತು, ನಾನಿನ್ನು ಬರಲಾ?