ಶೇಡಿ ಮಣ್ಣಿನ ಶಾಸ್ತ್ರವೂ ಸರಕಾರದ ಕರ್ತವ್ಯವೂ

2024ನೆಯ ಇಸವಿಯ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲಿನ ಗುಡ್ಡವು ಜರಿದು, ರಸ್ತೆಯ ಬದಿಯ ಚಹದಂಗಡಿಯನ್ನೂ ಅಲ್ಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿಯ ಪಾಲುಮಾಡಿತು. ಅದಕ್ಕೆ ಎರಡು ವರುಷ ಮುಂಚೆ, 2022ರ ಆಗಸ್ಟ್ 2ರಂದು, ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡವು ಬಿದ್ದು ಒಂದೇ ಕುಟುಂಬದ ನಾಲ್ವರು ಅಸುನೀಗಿದರು. ಇಂತಹ ಪ್ರಸಂಗಗಳಲ್ಲಿ ದೈವೇಚ್ಛೆಯೆಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವುದು ನಮ್ಮವರ ವಾಡಿಕೆ. ಮಳೆಯು ದೈವದ್ದೆಂಬುದು ನಿಜ. ಆದರೆ ಗುಡ್ಡದ ಬುಡವನ್ನು ಕಡಿಯುವ ಯಂತ್ರವು ಮನುಷ್ಯನದು. ಕಡಿಯುವವನು ತಾನು ಕಡಿಯುತ್ತಿರುವ ವಸ್ತು ಯಾವುದೆಂಬುದನ್ನು ಅರಿತಿರಬೇಕೆಂಬುದೇ ಈ ದಿನ ನಾವು ಹೇಳತಕ್ಕ ಮಾತು.

ಭಟ್ಕಳದಿಂದ ಹೊನ್ನಾವರದ ಮಾರ್ಗವಾಗಿ ಕುಮಟೆಗೆ ಹೋಗುವವರು ರಸ್ತೆಯ ಇಕ್ಕೆಲದಲ್ಲಿ ಕಡಿದ ಗುಡ್ಡಗಳನ್ನು ಕಂಡೇ ಇರುವರು. ಹಲವೆಡೆ ಮೇಲ್ಗಡೆ ಗಟ್ಟಿಯಾದ ಕೆಂಪುಕಲ್ಲು; ಅದರ ಕೆಳಗೆ ಬಿಳುಪು, ಹಳದಿ, ನಸುಗೆಂಪು ಬಣ್ಣದ ನುಣುಪಾದ ಮಣ್ಣು. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಮಲಬಾರದಲ್ಲಿ ತಾನು ಕಂಡ ಇದೇ ಜಾತಿಯ ಕೆಂಪುಕಲ್ಲಿಗೆ ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ಕೆಳಗಿನ ಮಣ್ಣಿಗೆ ನಮ್ಮ ಜನರು ಶೇಡಿ ಎನ್ನುವರು. ನಮ್ಮ ಹೆಣ್ಣುಮಕ್ಕಳು ಹಬ್ಬಕ್ಕೆ ಗೋಡೆಯ ಮೇಲೆ ಬಿಳಿಯ ಚಿತ್ತಾರವನ್ನು ಬರೆಯುವುದು ಈ ಶೇಡಿಯಿಂದಲೇ. ಬೇಸಗೆಯಲ್ಲಿ ಗೋಡೆಯಂತೆ ನಿಲ್ಲುವ ಇದು, ನೀರುಂಡ ಬಳಿಕ ರಾಡಿಯಾಗಿ ಇಳಿಯುವುದು.

ಹೀಗೆ ಘನವೂ ಅಲ್ಲದ, ದ್ರವವೂ ಅಲ್ಲದ ಪದಾರ್ಥಗಳನ್ನು ವಿಚಾರಿಸುವ ಒಂದು ಭೌತಶಾಸ್ತ್ರವೇ ಉಂಟು. 1991ರಲ್ಲಿ ನೋಬೆಲ್ ಪಾರಿತೋಷಕವನ್ನು ಪಡೆದ ಫ್ರಾನ್ಸಿನ ಡ ಜೆನ್ ಅವರು ತಮ್ಮ ಉಪನ್ಯಾಸಕ್ಕೆ 'ಮೃದುದ್ರವ್ಯ' ಎಂಬ ಅರ್ಥದ ಹೆಸರನ್ನೇ ಇಟ್ಟರು. ರಬ್ಬರು, ಅಂಟು, ಸಾಬೂನಿನ ನೊರೆ, ಮೊಸರು, ಜೇಡಿ ಇವೆಲ್ಲವೂ ಈ ವರ್ಗದವು. ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರು ಗಡಿಗೆಯನ್ನು ಓರೆ ಮಾಡಿದರೂ ತುಸು ಹೊತ್ತು ತನ್ನ ಆಕಾರವನ್ನು ಬಿಡದು; ಒಂದು ಮಿತಿಯನ್ನು ಮೀರಿ ಕುಲುಕಿದರೆ ಒಡೆದು ಹರಿಯುವುದು. ಜೇಡಿಯ ಕಣಗಳಾದರೋ ಒಂದು ಮಿಲಿಮೀಟರಿನ 500ರಲ್ಲಿ ಒಂದು ಪಾಲಿಗಿಂತಲೂ ಕಿರಿದು, ಹಾಳೆಯಂತೆ ಚಪ್ಪಟೆ. ಒಂದರ ಅಂಚು ಮತ್ತೊಂದರ ಮೈಗೆ ಅಂಟಿ ಇಸ್ಪೀಟೆಲೆಗಳ ಮನೆಯಂತೆ ನಿಂತಿರುವುದೂ ಉಂಟು. ಮಿತಿಯೊಳಗೆ ಅದು ಘನ. ಮಿತಿ ಮೀರಿದರೆ ದ್ರವ.

ಆ ಮಿತಿಯನ್ನು ಕುಗ್ಗಿಸುವುದು ನೀರು. ಸಮುದ್ರದ ದಂಡೆಯಲ್ಲಿ ಮಕ್ಕಳು ಕಟ್ಟುವ ಮರಳಿನ ಗುಡಿಯು ಒಣ ಮರಳಿನಿಂದ ನಿಲ್ಲದು; ತುಸು ತೇವವಿದ್ದರೆ ನಿಲ್ಲುವುದು; ಅಲೆ ಬಂದು ನೆನೆಸಿದರೆ ಕುಸಿಯುವುದು. ಕಣಗಳ ನಡುವಣ ತುಸು ನೀರು ಅವನ್ನು ಒಂದಕ್ಕೊಂದು ಸೆಳೆದು ಹಿಡಿದರೆ, ಸಂದುಗಳನ್ನೆಲ್ಲ ತುಂಬಿದ ನೀರು ಒಳಗಿನಿಂದ ಒತ್ತಿ ಅವನ್ನು ಬೇರ್ಪಡಿಸುವುದು. ಆಸ್ಟ್ರಿಯದ ಕಾರ್ಲ್ ಟೆರ್ಜಾಗಿಯು 1925ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದಂದಿನಿಂದ ಈ ತತ್ತ್ವವು ಎಂಜಿನಿಯರರ ಬಾಲಪಾಠವಾಗಿದೆ. ವರುಷಕ್ಕೆ 3000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಈ ಸೀಮೆಯಲ್ಲಿ ಅದನ್ನು ಮರೆಯುವುದೆಂದರೆ ಬೆಂಕಿಯ ಮನೆಯಲ್ಲಿ ಹುಲ್ಲು ಒಟ್ಟಿದಂತೆ. ಎಲ್ಲ ಕುಸಿತಗಳಿಗೂ ಶೇಡಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಬುಡ ಕಡಿದ ಗುಡ್ಡದ ಹೊಟ್ಟೆಯಲ್ಲಿ ನೀರು ನಿಂತರೆ ಅಪಾಯವೆಂಬುದು ಎಲ್ಲೆಡೆಗೂ ಸಲ್ಲುವ ಮಾತು.

ರಸ್ತೆಯೇ ಬೇಡವೇ ಎಂದು ಕೆಲವರು ಕೇಳಬಹುದು. ರಸ್ತೆಯು ಅವಶ್ಯವಾಗಿ ಬೇಕು. ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೂ ಬೆಸ್ತನು ಮೀನನ್ನು ಪೇಟೆಗೆ ಕಳಿಸುವುದೂ ಅದರ ಮೇಲೆಯೇ. ನಮ್ಮ ತಕರಾರು ರಸ್ತೆಯ ಮೇಲಲ್ಲ, ಕಲ್ಲಿಗೆ ಹಾಕಿದ ಲೆಕ್ಕವನ್ನೇ ಮಣ್ಣಿಗೂ ಹಾಕುವುದರ ಮೇಲೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗದವರಿಗೆ ಬಂಡೆಯ ಸುರಂಗಗಳಿಗಿಂತ ಮೆತ್ತನೆಯ ಮಣ್ಣಿನ ಒಂಬತ್ತು ಸುರಂಗಗಳೇ ಹೆಚ್ಚು ಕಷ್ಟವನ್ನು ಕೊಟ್ಟವೆಂಬ ಅನುಭವವು ಕಣ್ಣೆದುರಿಗೇ ಇದೆ. ಕೆಂಪುಕಲ್ಲು ನೆಟ್ಟಗೆ ನಿಂತಿತೆಂದು ಶೇಡಿಯನ್ನೂ ನೆಟ್ಟಗೆ ಕಡಿಯಲಾಗದು. ನೀರು ಹೊರಬೀಳಲು ರಂಧ್ರವಿಲ್ಲದ ಸಿಮೆಂಟಿನ ಗೋಡೆಯು ಗುಡ್ಡಕ್ಕೆ ಆಸರೆಯಲ್ಲ. ಅದು ಗುಡ್ಡದೊಳಗೆ ಕಟ್ಟಿದ ಅಣೆಕಟ್ಟು.

ಈ ಶಾಸ್ತ್ರವು ಪರದೇಶದಿಂದ ತರಿಸಬೇಕಾದ ಸರಕೂ ಅಲ್ಲ. ಬೆಂಗಳೂರಿನ ರಾಮನ್ ಸಂಶೋಧನಾಲಯದಲ್ಲಿ 1977ರಲ್ಲಿ ಎಸ್. ಚಂದ್ರಶೇಖರರೂ ಅವರ ಸಂಗಡಿಗರೂ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದು, ಮೃದುದ್ರವ್ಯದ ಶಾಸ್ತ್ರಕ್ಕೆ ಹೊಸದೊಂದು ಅಧ್ಯಾಯವನ್ನೇ ಕೂಡಿಸಿದರು. ಜೇಡಿಯ ರಾಡಿಯು ಹೇಗೆ ಹೆಪ್ಪುಗಟ್ಟುವುದು, ಹೇಗೆ ಹರಿಯುವುದು ಎಂಬ ಪರೀಕ್ಷೆಗಳೂ ಅಲ್ಲಿ ನಡೆದಿವೆ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದಲ್ಲಿ ಶೇಡಿಯ ಮೇಲೆಯೇ ಸಂಶೋಧನೆ ನಡೆದಿದೆ. ವಿದ್ಯೆಯು ನಾಡಿನೊಳಗೇ ಇರುವಾಗ, ಅದು ಗುತ್ತಿಗೆದಾರನ ನಕ್ಷೆಗೂ ತಾಲೂಕು ಕಚೇರಿಯ ಮೇಜಿಗೂ ಬರದಿದ್ದರೆ ಕೊರತೆಯು ವಿದ್ಯೆಯದಲ್ಲ, ಮನಸ್ಸಿನದು.

ಆದುದರಿಂದ ಅಧಿಕಾರಿವರ್ಗದವರಲ್ಲಿ ನಮ್ಮ ವಿನಂತಿಯು ಇಷ್ಟೇ. ಕಡಿದ ಪ್ರತಿಯೊಂದು ಗುಡ್ಡದ ಪದರುಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಇಳಿಜಾರನ್ನು ಅವುಗಳ ಬಲಕ್ಕೆ ತಕ್ಕಂತೆ ಇಡಲಿ. ನೆತ್ತಿಯ ಮೇಲೆ ಕಾಲುವೆಯನ್ನೂ ಒಡಲಲ್ಲಿ ನೀರು ಬಸಿಯುವ ಕೊಳವೆಗಳನ್ನೂ ಮಳೆಗಾಲಕ್ಕೆ ಮುಂಚೆ ಹಾಕಿಸಲಿ. ಮಣ್ಣಿನೊಳಗಿನ ನೀರಿನ ಒತ್ತಡವನ್ನು ಅಳೆಯುವ ಉಪಕರಣಗಳನ್ನು ಇರಿಸಿ, ಅವುಗಳ ಲೆಕ್ಕವನ್ನು ಗ್ರಾಮಪಂಚಾಯತಿಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಿಸಲಿ. ಮಿತಿ ಸಮೀಪಿಸಿದೊಡನೆ ಬುಡದ ಮನೆಗಳನ್ನು ತೆರವು ಮಾಡಿಸಲಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಕಥೆಯು ನಮ್ಮಲ್ಲಿ ಮತ್ತೆ ಮತ್ತೆ ನಡೆದುಹೋಗಿದೆ. ಸತ್ತವರ ಮನೆಯವರಿಗೆ ಪರಿಹಾರಧನವನ್ನು ಕೊಡುವುದು ದಯೆ. ಗುಡ್ಡದೊಳಗಿನ ನೀರಿಗೆ ಸಕಾಲದಲ್ಲಿ ದಾರಿಮಾಡಿಕೊಡುವುದು ಕರ್ತವ್ಯ. ದಯೆಯನ್ನು ತೋರಿಸುವ ಪ್ರಸಂಗವೇ ಬಾರದಂತೆ ಕರ್ತವ್ಯವನ್ನು ನಡೆಯಿಸುವ ಸರಕಾರವೇ ಪ್ರಜೆಗಳ ಸರಕಾರವು.