ರೋಲರ್ ಕೋಸ್ಟರ್ ಸಾಲಿನಲ್ಲಿ ಬಯಲಾದ ಗುಟ್ಟು

ನನಗೆ ಬಿಪಿ ಇದೆ ಅನ್ನೋದು ನಮ್ಮಾಕಿಗೆ ಗೊತ್ತಾಗಿದ್ದು ಹುಬ್ಬಳ್ಳಿಯಿಂದ 400 ಕಿಲೋಮೀಟರ್‌ಗೂ ಆಚೆ, ಬಿಡದಿ ಹತ್ತಿರದ ವಂಡರ್‌ಲಾದಲ್ಲಿ, ರೋಲರ್ ಕೋಸ್ಟರ್ ಸಾಲಿನಲ್ಲಿ ನಿಂತಾಗ. ಅಷ್ಟೊತ್ತಿಗೆ ನಾನು ಗುಳಿಗೆ ಶುರು ಮಾಡಿ 3 ತಿಂಗಳಾಗಿತ್ತು. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮೌಸ್ ಇಡುವ ಜೇಬಿನಲ್ಲಿ ಆ ಪಟ್ಟಿ ಇರುತ್ತಿತ್ತು. ಆ ಜೇಬಿಗೆ ಅವಳು ಯಾವತ್ತೂ ಕೈ ಹಾಕಿದವಳಲ್ಲ.

ಹಿನ್ನೆಲೆ ಸ್ವಲ್ಪ ಹೇಳಬೇಕು. ನನ್ನದು ಸಾಫ್ಟ್‌ವೇರ್ ಕೆಲಸ, ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ. ಅವಳದು ಧಾರವಾಡದಲ್ಲಿ ಬ್ಯಾಂಕ್ ಕೆಲಸ. ಬೆಳಗ್ಗೆ ಚಿಗರಿ ಬಸ್ ಹತ್ತಿದರೆ ಮನೆ ಮುಟ್ಟುವುದು ಸಂಜೆ ಏಳಕ್ಕೆ. ಆಗ ನನ್ನ ಮೀಟಿಂಗ್ ಶುರು. ಮದುವೆಯಾಗಿ ನಾಲ್ಕು ವರ್ಷ. ಈಗೀಗ ನಮ್ಮ ಮಾತು ಏನಿದ್ದರೂ ಹಾಲಿನವನ ಲೆಕ್ಕ, ಮನೆ ಸಾಲದ ಕಂತು, ಗ್ಯಾಸ್ ಬುಕ್ ಆತೇನು, ಇಷ್ಟೇ. ಅದರಲ್ಲೂ ಅರ್ಧ ವಾಟ್ಸ್ಯಾಪ್‌ನಲ್ಲೇ ಮುಗಿಯುತ್ತದೆ. ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ಹಾಲ್‌ನಲ್ಲಿ ಇದ್ದಾಗಲೂ.

ಹುಬ್ಬಳ್ಳಿ-ಧಾರವಾಡದ ಜೋಡಿಗಳಿಗೆ ಭಾನುವಾರ ಅಂದರೆ ಉಣಕಲ್ ಕೆರೆ, ನೃಪತುಂಗ ಬೆಟ್ಟ, ಇಂದಿರಾ ಗಾಜಿನ ಮನೆ, ಇಲ್ಲವೇ ಯಾವುದಾದರೂ ಮಾಲ್. ಸ್ವಲ್ಪ ದೂರ ಹೋಗುವವರು ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್ ನೋಡಿ ಬರುತ್ತಾರೆ. ಅಲ್ಲಿನ ಶಿಲ್ಪಗಳನ್ನು ಎಷ್ಟು ಸಲ ನೋಡಿದರೂ ಬೇಸರವಿಲ್ಲ. ಆದರೆ ನಮ್ಮಾಕಿಗೆ ಬೇಕಾಗಿದ್ದು ಬೇರೆ. ಸಣ್ಣವಳಿದ್ದಾಗ ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಹೋದರೆ ತೇರು ನೋಡುವ ಮೊದಲು ತೊಟ್ಟಿಲು ಹತ್ತುತ್ತಿದ್ದಳಂತೆ. ಮದುವೆಯಾದ ಹೊಸದರಲ್ಲೇ ಹೇಳಿದ್ದಳು, ಒಮ್ಮೆಯಾದರೂ ತಲೆಕೆಳಗಾಗುವ ರೋಲರ್ ಕೋಸ್ಟರ್ ಹತ್ತಬೇಕು ಅಂತ. ಅದಕ್ಕೆ ನಮ್ಮ ಕಡೆಯಿಂದ ಎರಡೇ ದಿಕ್ಕು. ಮೇಲಕ್ಕೆ ಹೋದರೆ ಪುಣೆ ದಾಟಿ ಖೋಪೋಲಿಯ ಇಮ್ಯಾಜಿಕಾ, ಕೆಳಕ್ಕೆ ಹೋದರೆ ಬೆಂಗಳೂರಿನ ವಂಡರ್‌ಲಾ. ಕೆಂಗೇರಿಯಲ್ಲಿ ಅವಳ ಅಕ್ಕನ ಮನೆ ಇತ್ತು. ಹಾಗಾಗಿ ಬೆಂಗಳೂರೇ ಗಟ್ಟಿಯಾಯಿತು.

ಶುಕ್ರವಾರ ರಾತ್ರಿ ರೈಲು ಹತ್ತಿದೆವು. ಬೆಳಗ್ಗೆ ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊದಲ್ಲಿ ಕೆಂಗೇರಿ. ಅಕ್ಕನ ಮನೆಯಲ್ಲಿ ಸ್ನಾನ, ಉಪ್ಪಿಟ್ಟು. ಮತ್ತೆ ಮೆಟ್ರೊದಲ್ಲಿ ಕೊನೆಯ ನಿಲ್ದಾಣ ಚಲ್ಲಘಟ್ಟ, ಅಲ್ಲಿಂದ ಮೈಸೂರು ರಸ್ತೆಯ ಬಸ್, ಆಮೇಲೆ ಆಟೊ. 11 ಗಂಟೆಗೆ ಗೇಟಿನ ಮುಂದಿದ್ದೆವು.

ಈ ಪಾರ್ಕ್ ಶುರುವಾದದ್ದು 2005ರಲ್ಲಿ. ಕಟ್ಟಿದವರು ಕೇರಳದ ಕೊಚೌಸೇಫ್ ಚಿಟ್ಟಿಲಪಿಳ್ಳಿ, ವಿ-ಗಾರ್ಡ್ ಸ್ಟೆಬಿಲೈಸರ್ ಕಂಪನಿಯ ಸ್ಥಾಪಕರು. ಮನೆಯ ವೋಲ್ಟೇಜ್ ಏರಿಳಿತ ತಡೆಯುವ ಡಬ್ಬಿ ಮಾರಿದವರೇ ಜನರನ್ನು ಏರಿಸಿ ಇಳಿಸುವ ಪಾರ್ಕ್ ಕಟ್ಟಿದ್ದು ನನಗೆ ಬಹಳ ತಮಾಷೆ ಅನ್ನಿಸುತ್ತದೆ. ಆ ದಿನವಂತೂ ನನ್ನೊಳಗೇ ಒಂದು ಸ್ಟೆಬಿಲೈಸರ್ ಇದ್ದಿದ್ದರೆ ಚೆನ್ನಾಗಿತ್ತು.

ಒಳಗೆ ಹೋದ ಕೂಡಲೇ ಮಾಡಿದ ಕೆಲಸ, ಬ್ಯಾಗು, ಪರ್ಸು, ಎರಡೂ ಫೋನು ಲಾಕರ್‌ಗೆ ಹಾಕಿದ್ದು. ನೀರಿನ ಆಟ, ತಲೆಕೆಳಗಿನ ಆಟ, ಫೋನ್ ಜೇಬಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಲಾಕರ್ ಕೀಲಿ ಕೈಗೆ ಕಟ್ಟಿಕೊಂಡು ಹೊರಗೆ ಬಂದಾಗ ಏನೋ ಮರೆತು ಬಂದಹಾಗೆ ಇಬ್ಬರಿಗೂ ಕೈ ಖಾಲಿ ಖಾಲಿ.

ಶನಿವಾರದ ಜನ ಅಂದರೆ ಕೇಳಬೇಕೆ? ರಿಕಾಯ್ಲ್ ಅನ್ನುವ ರೋಲರ್ ಕೋಸ್ಟರ್‌ಗೆ ಉದ್ದದ ಸಾಲು. ಸವಾರಿ ಎರಡು ನಿಮಿಷದ್ದು, ಕಾಯುವುದು ಮುಕ್ಕಾಲು ತಾಸು. ಫೋನ್ ಇಲ್ಲ. ಹಾಗಾಗಿ ಮಾತಾಡಲೇಬೇಕಾಯಿತು. ಮೊದಲ ಹತ್ತು ನಿಮಿಷ ಅಕ್ಕನ ಮನೆಯ ಸೋಫಾ ಬಗ್ಗೆ. ಆಮೇಲೆ ಅವಳ ಮ್ಯಾನೇಜರ್ ಬಗ್ಗೆ. ವರ್ಗಾವಣೆ ಪಟ್ಟಿಯಲ್ಲಿ ತನ್ನ ಹೆಸರು ಇರಬಹುದು ಅಂತ ಎರಡು ವಾರದಿಂದ ಅವಳಿಗೆ ನಿದ್ದೆ ಇಲ್ಲವಂತೆ. ಪಕ್ಕದಲ್ಲೇ ಮಲಗುವ ನನಗೆ ಅದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಸಾಲು ತಿರುಗಿತು. ಎದುರಿಗೆ ಸೂಚನಾ ಫಲಕ. ಯಾರು ಹತ್ತಬಾರದು ಅಂತ ಬರೆದಿತ್ತು.

"ಏನ್ರೀ, ಮಾರಿ ಯಾಕ ಹಿಂಗ ಆತು? ಅಂಜಿಕಿ ಬಂತೇನು?"

"ಅಂಜಿಕಿ ಅಲ್ಲ. ಆ ಬೋರ್ಡ್ ಓದು."

"ಓದೀನಿ. ಬಸುರಿ ಹೆಣ್ಮಕ್ಕಳು ಹತ್ತಬಾರ್ದಂತ. ನಾ ಏನ್ ಬಸುರಿ ಇಲ್ಲ."

"ಅದಲ್ಲ. ರಕ್ತದೊತ್ತಡ ಅಂತ ಐತಿ ನೋಡು."

ಅವಳು ಓದಿದಳು. ನನ್ನ ಮುಖ ನೋಡಿದಳು. "ಯಾರಿಗೆ?"

"ನನಗ."

"ಯಾವಾಗಿಂದ?"

"ಮೂರು ತಿಂಗಳಾತು. ಆಫೀಸಿನ ಹೆಲ್ತ್ ಚೆಕಪ್‌ನ್ಯಾಗ ಬಂತು. ಆಮ್ಯಾಲೆ ಡಾಕ್ಟರ್ ಮತ್ತೊಂದೆರಡು ಸಲ ನೋಡಿ ಗುಳಿಗಿ ಬರದ್ರು."

ಸಾಲು ನಾಲ್ಕು ಹೆಜ್ಜೆ ಮುಂದೆ ಸರಿಯಿತು. ನಾವು ಸರಿಯಲಿಲ್ಲ. ಹಿಂದಿನಿಂದ ಕಾಲೇಜು ಹುಡುಗರು, "ಅಣ್ಣಾ, ಸ್ವಲ್ಪ ಮುಂದೆ ಹೋಗಿ" ಅಂದರು. ಹೋದೆವು.

"ಗುಳಿಗಿ ಎಲ್ಲಿ ಇಡ್ತೀರಿ?"

"ಲ್ಯಾಪ್‌ಟಾಪ್ ಬ್ಯಾಗಿನ್ಯಾಗ. ಈಗ ಲಾಕರ್‌ನ್ಯಾಗ ಐತಿ."

"ಇವತ್ತಿಂದು ತಗೊಂಡೀರೇನು?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ. ಅಕ್ಕಾರ ಮನ್ಯಾಗ ಎಲ್ಲಾರೂ ಎದುರಿಗೆ ಇದ್ರು."

ನನಗೆ ಬಿಪಿ ಇದೆ ಅಂದಾಗ ಬರದ ನೀರು ಆಗ ಅವಳ ಕಣ್ಣಿಗೆ ಬಂತು. ಯಾಕೆ ಅಂತ ನನಗೆ ಗೊತ್ತು. ಗೊತ್ತಿದ್ದೇ ಮುಚ್ಚಿಟ್ಟಿದ್ದೆ. ನಮ್ಮ ಮಾವನವರಿಗೆ ಐದು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಬಿಪಿ ಇತ್ತು, ಗುಳಿಗೆಯೂ ಇತ್ತು. "ಈಗ ಆರಾಮ ಅದೀನಿ" ಅಂತ ಅವರೇ ನಿಲ್ಲಿಸಿದ್ದರು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇವತ್ತಿಗೂ ಅವರಿಗೆ ಎಡಗೈ ಪೂರ್ತಿ ಎತ್ತಲು ಆಗುವುದಿಲ್ಲ. ಬಿಪಿ ಅನ್ನುವ ಶಬ್ದ ಕೇಳಿದರೆ ಅವಳಿಗೆ ಏನು ನೆನಪಾಗುತ್ತದೆ ಅಂತ ನನಗೆ ಗೊತ್ತಿತ್ತು. ಅವಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಪೂರ್ತಿ ನಿಜ ಹೇಳಬೇಕೆಂದರೆ, 33ಕ್ಕೇ ಗುಳಿಗೆ ಹಿಡಿದೆ ಅನ್ನುವ ನಾಚಿಕೆಯೂ ಇತ್ತು.

"ಅಪ್ಪಾಜಿನೂ ಹಿಂಗ ಮುಚ್ಚಿಟ್ಟಿದ್ರು," ಅಂದಳು. ಅಷ್ಟೇ. ಬೈಯಲಿಲ್ಲ. ಎರಡು ನಿಮಿಷ ಸುಮ್ಮನಿದ್ದು ಕಣ್ಣೊರೆಸಿಕೊಂಡು, "ಮೊದಲ ಹೋಗಿ ಗುಳಿಗಿ ತಗೋರಿ. ಆಮ್ಯಾಲೆ ಇಲ್ಲೇ ಕೆಳಗ ಕೂಡ್ರಿ. ನಾ ಹೋಗಿ ಬರ್ತೀನಿ," ಅಂದಳು.

"ಒಬ್ಬಾಕೀನ?"

"ನಾಕು ವರ್ಷ ಕಾದೀನ್ರಿ."

ಗುಳಿಗೆ ನುಂಗಿ ಬಂದು ಬೆಂಚಿನ ಮೇಲೆ ಕೂತೆ. ಓದಿದ್ದು ಬಿವಿಬಿಯಲ್ಲಿ ಮೆಕ್ಯಾನಿಕಲ್, ಹಾಗಾಗಿ ಕಣ್ಣು ತಾನಾಗಿಯೇ ಹಳಿಯ ಕಡೆ ಹೋಯಿತು. ಈ ಗಾಡಿಗೆ ಎಂಜಿನ್ ಇಲ್ಲ. ಮೊದಲು ಹಿಮ್ಮುಖವಾಗಿ ಇಳಿಜಾರಿನ ತುದಿಗೆ ಎಳೆದು ಬಿಟ್ಟುಬಿಡುತ್ತಾರೆ. ಆಮೇಲಿನ ಕೆಲಸವೆಲ್ಲ ಗುರುತ್ವದ್ದು. ಮುಂದಕ್ಕೆ ಹೋಗುವಾಗ ಮೂರು ಸಲ ತಲೆಕೆಳಗು, ಆಚೆ ತುದಿಯಲ್ಲಿ ಮತ್ತೆ ಎತ್ತಿ ಬಿಟ್ಟರೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತ ಇನ್ನು ಮೂರು ಸಲ. ಲೂಪ್ ಪೂರ್ತಿ ಗುಂಡಗೆ ಇರುವುದಿಲ್ಲ, ನೀರ ಹನಿಯ ಆಕಾರದಲ್ಲಿ ಇರುತ್ತದೆ. ಪೂರ್ತಿ ವೃತ್ತವಾದರೆ ಕೆಳಗಿನ ತಿರುವಿನಲ್ಲಿ ಮೈಮೇಲೆ ಬೀಳುವ ಭಾರ ತಡೆಯುವುದು ಕಷ್ಟ.

ಇಷ್ಟೆಲ್ಲ ಕ್ಷೇಮವಾಗಿ ಕಟ್ಟಿದ ಮೇಲೂ ಆ ಫಲಕ ಯಾಕೆ? ಅದಕ್ಕೊಂದು ಉತ್ತರ ನಾನು ಮುಂಚೆಯೇ ಓದಿದ್ದೆ. ಜರ್ಮನಿಯ ವೈದ್ಯರು ಆರೋಗ್ಯವಂತ 55 ಮಂದಿಗೆ ಯಂತ್ರ ಕಟ್ಟಿ ವೇಗದ ರೋಲರ್ ಕೋಸ್ಟರ್ ಹತ್ತಿಸಿದರು. ಸವಾರಿಗೆ ಮೊದಲು ನಿಮಿಷಕ್ಕೆ ಸರಾಸರಿ 91 ಇದ್ದ ಎದೆಬಡಿತ 153ಕ್ಕೆ ಏರಿತು. ಇವರೆಲ್ಲ ಆರೋಗ್ಯವಂತರು. ಎದೆ ಹೀಗೆ ಓಡುವಾಗ ರಕ್ತದೊತ್ತಡವೂ ಏರುತ್ತದೆ. ಮೊದಲೇ ಏರಿ ಕೂತವನು, ಅದರಲ್ಲೂ ಆ ದಿನದ ಗುಳಿಗೆ ತಪ್ಪಿಸಿದವನು, "ಏನ್ ಆಗಂಗಿಲ್ಲ ತಗೋ" ಅಂತ ಹತ್ತಿದರೆ ಅದನ್ನು ಧೈರ್ಯ ಅನ್ನಲಾಗುವುದಿಲ್ಲ. ಆ ಬೆಳಗ್ಗೆ ನಾನು ಹಾಗೇ ಹತ್ತುವವನಿದ್ದೆ. ತಡೆದದ್ದು ಫಲಕಕ್ಕಿಂತ ಹೆಚ್ಚಾಗಿ ಆ ಮುಕ್ಕಾಲು ತಾಸಿನ ಮಾತು.

ಗಾಡಿ ಬಂದು ನಿಂತಿತು. ಕೂದಲೆಲ್ಲ ಕೆದರಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಇಳಿದು ಬಂದಳು.

"ಹೆಂಗಿತ್ತು?"

"ನಿಮಗ ಬೈಕೋತ ಹೋದೆ. ಎಲ್ಲಾರೂ ಚೀರ್ತಿದ್ರು, ಯಾರಿಗೂ ಕೇಳ್ಸಿಲ್ಲ."

"ಎಲ್ಲಾ ಬೈದು ಮುಗೀತೇನು?"

"ಮುಂದ ಹೋಗೂ ಮುಂದ ಅರ್ಧ ಆತು. ಹಿಂದಕ್ಕ ಬರೂ ಮುಂದ ಉಳಿದರ್ಧ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಷ್ಟು ನಕ್ಕು ಎಷ್ಟು ದಿನವಾಗಿತ್ತೋ. ಆಮೇಲಿನ ದಿನವೆಲ್ಲ ನಿಧಾನದ್ದು. ಅಲೆಗಳ ಕೊಳ, ಟ್ಯೂಬಿನಲ್ಲಿ ತೇಲುವ ನೀರಿನ ಕಾಲುವೆ, ಸಂಜೆ ಮಳೆಯಲ್ಲಿ ಕುಣಿತ. ದೊಡ್ಡ ಆಟಗಳಿಗೆ ಅವಳು, ಚಪ್ಪಲಿ ಕಾಯಲು ನಾನು.

ರೋಲರ್ ಕೋಸ್ಟರ್ ಹತ್ತಿದರೆ ಪ್ರೀತಿ ಹೆಚ್ಚುತ್ತದೆ ಅಂತ ಒಂದು ಮಾತಿದೆ. 2003ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಇದನ್ನೇ ಪರೀಕ್ಷಿಸಿದರು. ಸವಾರಿಗೆ ಹೊರಟವರಿಗೂ ಇಳಿದವರಿಗೂ ಅಪರಿಚಿತರ ಫೋಟೊ ತೋರಿಸಿ, ಎಷ್ಟು ಚೆಂದ ಇದ್ದಾರೆ ಅಂತ ಕೇಳಿದರು. ಬರೀ ಸ್ನೇಹಿತರ ಜೊತೆ ಬಂದವರಲ್ಲಿ, ಇಳಿದವರಿಗೆ ಆ ಫೋಟೊ ಹೆಚ್ಚು ಚೆಂದ ಕಂಡಿತ್ತು. ತಮ್ಮ ಸಂಗಾತಿಯ ಜೊತೆ ಬಂದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಜೋಡಿಯಾದವರಿಗೆ ಆ ಎದೆಬಡಿತ ಏನು ಕೊಡುತ್ತದೋ, ಆ ಅಧ್ಯಯನ ಹೇಳುವುದಿಲ್ಲ. ನಮಗೆ ಸಿಕ್ಕಿದ್ದು ಸಾಲಿನಲ್ಲಿ. ಎಲ್ಲಿಗೂ ಎದ್ದು ಹೋಗಲಾಗದ, ಫೋನಿಲ್ಲದ ಮುಕ್ಕಾಲು ತಾಸು ನಮಗೆ ಮನೆಯಲ್ಲಿ ಸಿಕ್ಕೇ ಇರಲಿಲ್ಲ. ಸಿಕ್ಕಿರಲಿಲ್ಲ ಅನ್ನುವುದೂ ಸುಳ್ಳು, ಮಾಡಿಕೊಂಡಿರಲಿಲ್ಲ.

ನನ್ನ ಹಾಗೆ ಮೂವತ್ತರ ಆಸುಪಾಸಿನಲ್ಲಿ ಇರುವವರಿಗೆ ಎರಡು ಮಾತು. ಬಿಪಿಗೆ ಬಹಳ ಸಲ ಲಕ್ಷಣವೇ ಇರುವುದಿಲ್ಲ, ಅಳೆದಾಗಲೇ ಗೊತ್ತಾಗುವುದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಡಾಕ್ಟರ್ ಹತ್ತಿರ ಹೋಗಿ. ಅಂಕಿ ಇಳಿಯಿತು ಅಂತ ಗುಳಿಗೆ ನೀವೇ ನಿಲ್ಲಿಸಬೇಡಿ, ಇಳಿದದ್ದು ಗುಳಿಗೆಯಿಂದಲೇ ಇರಬಹುದು. ದಿನಕ್ಕೆ ಉಪ್ಪು 5 ಗ್ರಾಂ ಒಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹೆಚ್ಚುಕಡಿಮೆ ಒಂದು ಚಮಚ. ಹಪ್ಪಳ, ಉಪ್ಪಿನಕಾಯಿ, ಸಂಜೆಯ ಗಿರ್ಮಿಟ್-ಮಿರ್ಚಿ ಎಲ್ಲ ಸೇರಿ. ನಮ್ಮ ಕಡೆಯವರಿಗೆ ಗುಳಿಗೆ ನುಂಗುವುದಕ್ಕಿಂತ ಇದು ಕಷ್ಟ. ಪಾರ್ಕಿಗೆ ಹೋಗುವುದಿದ್ದರೆ ಮೊದಲೇ ಡಾಕ್ಟರ್‌ನ್ನು ಕೇಳಿ, ಆ ದಿನದ ಗುಳಿಗೆ ತಪ್ಪಿಸಬೇಡಿ, ಫಲಕ ಓದಿ. ಮುಖ್ಯವಾಗಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಮುಚ್ಚಿಟ್ಟ ಗುಳಿಗೆ ಒಂದಲ್ಲ ಒಂದು ದಿನ ತಪ್ಪಿಯೇ ತಪ್ಪುತ್ತದೆ. ನನಗೆ ತಪ್ಪಿದ್ದು ನಾಷ್ಟಾಕ್ಕೆ ಕೂತ ನಾಲ್ಕು ಜನರ ಎದುರಿಗೆ.

ಶನಿವಾರ ರಾತ್ರಿ ರೈಲು, ಭಾನುವಾರ ಬೆಳಗ್ಗೆ ಹುಬ್ಬಳ್ಳಿ. ಇಳಿದು ಆಟೊ ಕಡೆ ಹೊರಟವನನ್ನು ನಮ್ಮಾಕಿ ತಡೆದಳು.

"ಡಾಕ್ಟರ್ ವಾಕಿಂಗ್ ಹೇಳ್ಯಾರೇನು?"

"ದಿನಾ ಅರ್ಧಾ ತಾಸು."

"ಮಾಡ್ತೀರೇನು?"

ನಾನು ಮಾತಾಡಲಿಲ್ಲ.

ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ಒಮ್ಮೆ ಹೋಗಿ ಬಂದರೆ 3 ಕಿಲೋಮೀಟರ್. 2023ರಲ್ಲಿ ಉದ್ಘಾಟನೆ ಆದಾಗ ಇಷ್ಟುದ್ದ ಯಾಕೆ ಬೇಕಿತ್ತು ಅಂತ ನಾನೂ ನಕ್ಕಿದ್ದೆ. ಈಗ ಬ್ಯಾಗು ಹೆಗಲಿಗೆ ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ಇಬ್ಬರೂ ನಡೆದೆವು. ದಾರಿಯಲ್ಲಿ ಅವಳ ವರ್ಗಾವಣೆ ಮಾತು ಅರ್ಧಕ್ಕೆ ನಿಂತದ್ದು ಮತ್ತೆ ಬಂತು. ಬೆಳಗಾವಿ ಆದರೆ ಹೇಗೆ, ಕಾರವಾರ ಆದರೆ ಹೇಗೆ. ಮಾತು ಮುಗಿಯುವ ಮೊದಲೇ ಪ್ಲಾಟ್‌ಫಾರ್ಮ್ ಮುಗಿಯಿತು. ಮತ್ತೆ ತಿರುಗಿದೆವು.

ಗುಳಿಗೆ ಪಟ್ಟಿ ಈಗ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಡಬ್ಬಿ ಇರುತ್ತಿದ್ದ ಜಾಗದಲ್ಲಿದೆ.